ಚಪ್ಪಾಳೆ ಬೇಡವೆಂದ ಸೊಸೆಗೆ

ಸೊಸೆಯೇ,

ಒಂದೇ ಮನೆಯಲ್ಲಿ ಇರುವವಳಿಗೆ ಕಾಗದ ಬರೆಯುವವರನ್ನು ಕಂಡರೆ ನಾನೇ ನಗುತ್ತಿದ್ದೆ. ಗೋಡೆಯ ಆಚೆ ನಿನ್ನ ಕೋಣೆ, ಈಚೆ ನನ್ನದು. ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳುತ್ತದೆ. ಆದರೆ ನನ್ನ ಬಾಯಿ ನಿನಗೆ ಗೊತ್ತೇ ಇದೆ. ಹೊಟ್ಟೆಯಲ್ಲಿ ಬೆಲ್ಲವಾಗಿ ಹೊರಟ ಮಾತು ನಾಲಿಗೆ ದಾಟುವಷ್ಟರಲ್ಲಿ ಮೆಣಸಿನಕಾಯಿ ಆಗಿಬಿಡುತ್ತದೆ. ಈ ಮಾತು ಹಾಗಾಗಬಾರದು ಅಂತ ಮೊಮ್ಮಗಳ ಪೆನ್ನು ಕದ್ದು ಕೂತಿದ್ದೇನೆ. ಹಳ್ಳಿ ಶಾಲೆಯ ನಾಲ್ಕನೇ ಕ್ಲಾಸಿನ ಕನ್ನಡ. ಒತ್ತಕ್ಷರ ತಪ್ಪಿದ್ದರೆ ನೀನು ನಕ್ಕುಬಿಡು, ನನ್ನ ಮಗನಿಗೆ ಮಾತ್ರ ತೋರಿಸಬೇಡ. ಅವನು ತಿದ್ದಲು ಕೂರುತ್ತಾನೆ.

ನೀನು ಕೆಲಸಕ್ಕೆ ಹೋಗಿದ್ದೀಯ. ಮನೆಯಲ್ಲಿ ಇರುವುದು ನಾನು ಮತ್ತು ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತ ನಿನ್ನ ಸೈಕಲ್ಲು. ಅದನ್ನು ನೀನು ಮಾರಲು ಹೊರಟಿದ್ದೀಯ. ಅದಕ್ಕೇ ಈ ಕಾಗದ.

ನಾನು ಹಳ್ಳಿ ಬಿಟ್ಟು ನಿಮ್ಮ ಮನೆಗೆ ಬಂದಾಗ ನನ್ನ ಮಗ ಕಿಟಕಿಯ ಹತ್ತಿರ ಒಂದು ಕುರ್ಚಿ ಹಾಕಿದ. "ಇಷ್ಟು ವರ್ಷ ದುಡಿದಿದೀಯಮ್ಮ, ಇನ್ನಾದ್ರೂ ಆರಾಮಾಗಿ ಕೂತ್ಕೋ" ಅಂದ. ಪ್ರೀತಿಯಿಂದಲೇ ಅಂದ ಪಾಪ. ಆರಾಮ ಎಂಥ ಕಾಯಿಲೆ ಅನ್ನುವುದು ಬಂದವರಿಗೇ ಗೊತ್ತು. ಪಾತ್ರೆ ತೊಳೆಯಲು ಎದ್ದರೆ ಅದಕ್ಕೊಂದು ಯಂತ್ರ ಇದೆ. ಬಟ್ಟೆ ಮಡಿಸಲು ಕೈಹಾಕಿದರೆ "ಬಿಡಮ್ಮ". ಕೆಳಗಿನ ಬೀದಿಯಲ್ಲಿ ಯಾರ ನಾಯಿ ಯಾವ ಕಂಬಕ್ಕೆ ಕಾಲೆತ್ತುತ್ತದೆ ಅಂತ ನೋಡುವುದೇ ನನ್ನ ಉದ್ಯೋಗವಾಯಿತು. ಬಯ್ದು ಸಮಾಧಾನ ಮಾಡಿಕೊಳ್ಳೋಣ ಅಂದರೆ ಬಾಯಲ್ಲಿ ಹಲ್ಲಿರಲಿಲ್ಲ. ಹಲ್ಲಿಲ್ಲದ ಬಾಯಿಂದ ಬಂದ ಬೈಗುಳ ಲಾಲಿ ಹಾಡಿದ ಹಾಗೆ ಕೇಳುತ್ತದೆ.

ಮೊದಲು ಹಲ್ಲು ಕೊಟ್ಟವಳು ನೀನು. ಊರಿನ ದಂತವೈದ್ಯರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ನಿನಗೆ ಕೆಲಸ. ನನ್ನ ಸೆಟ್ಟನ್ನು ಇನ್ನೊಬ್ಬರ ಕೈಗೆ ಬಿಡದೆ ನೀನೇ ಮಾಡಿದೆ. ಒಸಡಿಗೆ ಒತ್ತಿದ ಕಡೆಯನ್ನೆಲ್ಲ ಮನೆಯಲ್ಲೂ ಕೂತು ಉಜ್ಜಿ ಉಜ್ಜಿ ಸರಿಮಾಡಿದೆ. "ಅತ್ತೆ ಬಾಯಿಗೆ ಕೈಯಾರೆ ಹಲ್ಲು ಕೂರಿಸಿದ ಸೊಸೆ ನಾನೊಬ್ಳೇ ಇರ್ಬೇಕು" ಅಂತ ನೀನು ನಗುತ್ತಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಿನ್ನ ಕಾಲ ಬಂದಾಗ ನೀನು ಮಾಡಿದ್ದು ಇದು.

ಆಮೇಲೆ ಒಂದು ಭಾನುವಾರ ಬಂದು, "ಅತ್ತೆ, ರೇಸಿಗೆ ನನ್ನ ಜೊತೆ ಬರೋರು ಯಾರೂ ಇಲ್ಲ. ನೀವು ಬಂದು ಸೈಕಲ್ ತೊಳೆದುಕೊಡ್ತೀರಾ?" ಅಂದೆ. ನನ್ನ ಮಗ ಹೌಹಾರಿದ. ನಾನು ಅಷ್ಟರಲ್ಲಿ ಚಪ್ಪಲಿ ಹುಡುಕುತ್ತಿದ್ದೆ.

ಸೈಕಲ್ ಓಟ ಅಂದರೆ ನುಣ್ಣನೆಯ ರಸ್ತೆಯಲ್ಲಿ ಝುಂ ಅಂತ ಹೋಗುವುದು ಅಂದುಕೊಂಡಿದ್ದೆ. ನಿಮ್ಮ ಕ್ಲಬ್ಬಿನದು ಸೈಕ್ಲೋಕ್ರಾಸ್ ಅಂತೆ. ಚಳಿಗಾಲ ನೋಡಿ, ಕೆಸರು ನೋಡಿ, ಅದರೊಳಗೇ ಸುತ್ತು ಹೊಡೆಯುವುದು. ಅಡ್ಡ ಹಲಗೆ ಬಂದರೆ ಇಳಿದು ನೆಗೆಯಬೇಕು. ದಿಬ್ಬ ಬಂದರೆ ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು. "ಅಲ್ವೇ, ಪಕ್ಕದಲ್ಲೇ ಒಳ್ಳೆ ರಸ್ತೆ ಇದೆಯಲ್ಲೇ" ಅಂತ ನಾನು ಕೇಳಿದ್ದಕ್ಕೆ ನೀನು ಉತ್ತರವನ್ನೇ ಕೊಡಲಿಲ್ಲ. ದಿಬ್ಬದ ಬುಡದಲ್ಲಿ ಹಗ್ಗ ಕಟ್ಟಿದ ಜಾಗದ ಹೆಸರು ಪಿಟ್. ಪ್ರತಿ ಸುತ್ತಿಗೂ ಅಲ್ಲಿಗೆ ಬಂದು ಕೆಸರು ಮೆತ್ತಿದ ಸೈಕಲ್ ನನಗೆ ಎಸೆದು, ನಾನು ತೊಳೆದಿಟ್ಟ ಕ್ಲಬ್ಬಿನ ಇನ್ನೊಂದನ್ನು ಹತ್ತಿ ಹೋಗುತ್ತಿದ್ದೆ. ನೀನು ಬರುವಷ್ಟರಲ್ಲಿ ಬಕೆಟ್ಟು, ಬ್ರಷ್ಷು, ಚೈನಿನ ಸಂದಿಯ ಹುಲ್ಲು. ಬೆರಳು ಮರಗಟ್ಟಿತು. ಎಷ್ಟು ಕಾಲವಾಗಿತ್ತು, ನನ್ನ ಕೈಗೆ ಕಾದು ಒಂದು ಕೆಲಸ ನಿಂತು!

ಅವತ್ತು ದಿಬ್ಬ ಹತ್ತಲಾಗದೆ ನೀನು ಜಾರಿ ಜಾರಿ ನಿಂತಾಗ ಹಗ್ಗದಾಚೆಯಿಂದ ಒಬ್ಬ ದಪ್ಪ ಆಸಾಮಿ, "ಏನಮ್ಮಾ, ಅಲ್ಲೇ ಮನೆ ಮಾಡ್ಕೊಂಡ್ಯಾ?" ಅಂತ ಕೂಗಿದ. ನನ್ನ ಮನೆಯ ಹೆಣ್ಣುಮಗಳನ್ನು ಅಂದರೆ ಬಿಡುತ್ತೀನಾ? ಬ್ರಷ್ಷು ಹಿಡಿದುಕೊಂಡೇ ತಿರುಗಿದೆ. "ನಿನ್ನ ಹೊಟ್ಟೆ ಕಂಡ್ರೆ ಸೈಕಲ್ಲೇ ಇಳಿದು ಓಡಿಹೋಗುತ್ತಲ್ಲೋ, ನೀನೇನು ಮಾತಾಡ್ತೀಯ!" ಅಂದೆ. ಗುಂಪಿಗೆ ಗುಂಪೇ ಗೊಳ್ಳೆಂದಿತು. ಅವನು ಸಿಟ್ಟಾಗುವುದು ಬಿಟ್ಟು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟ. ಕೊಳಾಯಿ ರಿಪೇರಿಯವನಂತೆ. "ಅಜ್ಜಿ, ಇಲ್ಲಿ ಬೇಕಾದವರನ್ನೇ ಬಯ್ಯೋದು. ಗುರುತಿಲ್ಲದವರಿಗೆ ಸುಮ್ನೆ ಚಪ್ಪಾಳೆ" ಅಂದ.

ಆಹಾ! ಇಂಥದೊಂದು ಜಾಗ ಭೂಮಿಯ ಮೇಲೆ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲವಲ್ಲ! ಆಮೇಲಿನ ಭಾನುವಾರಗಳೆಲ್ಲ ನನ್ನವೇ. ಏದುಸಿರು ಬಿಡುತ್ತಾ ಬಂದ ಅಂಚೆಯವನಿಗೆ, "ಕಾಗದ ಯಾಕೆ ತಡವಾಗಿ ಬರುತ್ತೆ ಅಂತ ಈಗ ಗೊತ್ತಾಯ್ತು ಕಣಪ್ಪ!" ಸೈಕಲ್ ಹೊತ್ತು ಒದ್ದಾಡುತ್ತಿದ್ದ ಮೇಷ್ಟ್ರಿಗೆ, "ಸೈಕಲ್ ಮೇಲೆ ನೀವು ಹೋಗ್ಬೇಕೋ, ನಿಮ್ಮ ಮೇಲೆ ಸೈಕಲ್ ಹೋಗ್ಬೇಕೋ, ಮೊದ್ಲು ತೀರ್ಮಾನ ಮಾಡ್ಕೊಳ್ಳಿ!" ಬಯ್ಯಿಸಿಕೊಳ್ಳಲೆಂದೇ ಅವರು ನನ್ನ ಕಡೆಯ ಹಗ್ಗಕ್ಕೆ ಒತ್ತಿಕೊಂಡು ಬರತೊಡಗಿದರು.

ನಿನಗೆ ಮಾತ್ರ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಒಂದು ದಿನ ಮನೆಗೆ ಬರುವಾಗ ನೀನು ಕೇಳಿದೆ: "ಎಲ್ಲರನ್ನೂ ಬಯ್ತೀರ, ನನ್ನನ್ನ ಬಿಟ್ಟು. ನಾನೇನು ಹೊರಗಿನವಳಾ ಅತ್ತೆ?" ಊರವರನ್ನು ಬಯ್ದರೆ ತಮಾಷೆ. ಅತ್ತೆ ಸೊಸೆಯನ್ನು ಬಯ್ದರೆ ತಮಾಷೆ ಅಂತ ಯಾರು ನಂಬುತ್ತಾರೆ? ನೀನೇ ನಂಬದಿದ್ದರೆ ಅನ್ನುವ ಭಯ ನನಗೆ.

ಮುಂದಿರುವವರು ಒಂದು ಸುತ್ತು ಹೆಚ್ಚು ಹೊಡೆದು ಹಿಂದಿನಿಂದ ಬಂದು ನಿನ್ನನ್ನು ದಾಟಿದರೆ ನಿನ್ನ ಓಟ ಅಲ್ಲಿಗೆ ಮುಗಿಯಿತು. ಬಾವುಟದವರು ಪಕ್ಕಕ್ಕೆ ಕರೆಯುತ್ತಾರೆ. ಈ ಚಳಿಗಾಲವೆಲ್ಲ ಪ್ರತಿ ಸಲವೂ ನಿನ್ನನ್ನು ಕರೆದರು. ಕೊನೆಯ ರೇಸಿನ ದಿನ ಲೇಸು ಕಟ್ಟುತ್ತಾ, "ಇವತ್ತೂ ಪೂರ್ತಿ ಸುತ್ತು ಮುಗಿಸದಿದ್ರೆ ಸೈಕಲ್ ಮಾರಿಬಿಡ್ತೀನಿ ಅತ್ತೆ" ಅಂದೆ. ನೀನು ನಿನ್ನ ಸೈಕಲ್ಲಿನ ಮಾತಾಡಿದೆ. ನನ್ನ ಕಣ್ಣಿಗೆ ಕಂಡದ್ದು ಕಿಟಕಿಯ ಪಕ್ಕದ ಕುರ್ಚಿ.

ಅವತ್ತು ನೀನು ದಿಬ್ಬದ ಅರ್ಧದಲ್ಲಿದ್ದಾಗ ಎಲ್ಲರಿಗಿಂತ ಮುಂದಿದ್ದ ಔಷಧಿ ಅಂಗಡಿಯ ಹುಡುಗಿ ತನ್ನ ಕಡೇ ಸುತ್ತು ಮುಗಿಸಲು ದಿಬ್ಬದ ಕೆಳಗೆ ಬಂದೇಬಿಟ್ಟಳು. ಅವಳಿಗಿಂತ ಮೊದಲು ನೀನು ಮೇಲಿನ ಸುತ್ತು ಮುಗಿಯುವ ಗೆರೆ ದಾಟಿದರೆ ನಿನಗೂ ಕಡೇ ಸುತ್ತು ಸಿಗುತ್ತದೆ, ಇಲ್ಲದಿದ್ದರೆ ಬಾವುಟ. ನೀನು ಸೈಕಲ್ ಹೊತ್ತು, ಮಂಡಿ ಊರಿ, ನನ್ನ ಕಡೆ ನೋಡಿದೆ. ನನ್ನ ಕೈ ಚಪ್ಪಾಳೆಗೆ ಎದ್ದಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡು ಕೂಗಿದೆ: "ಏಯ್ ಸೊಸೆ! ಅದೇನು ಸೈಕಲ್ಲೋ, ಮಗು ಮಲಗಿಸ್ತಿದೀಯೋ? ಮನೇಲಿ ಒಲೆ ಮೇಲೆ ಹಾಲಿಟ್ಟು ಬಂದಿದೀನಿ ಅಂದ್ಕೊಂಡು ಓಡೇ! ಬೆಳಿಗ್ಗೆ ಬಚ್ಚಲಮನೇಲಿ ಮಾಡೋ ತಡ ಇಲ್ಲಿ ಮಾಡ್ಬೇಡ!"

ನೀನು ನಕ್ಕೆ. ಅಷ್ಟು ಕೆಸರಿನ ಮುಖದಲ್ಲಿ ಬರೀ ಹಲ್ಲು ಕಂಡಿತು. ನಗುತ್ತಲೇ ಎದ್ದು ಓಡಿದೆ. ಗೆರೆಯನ್ನು ನೀನು ಮೊದಲು ದಾಟಿದೆ. ಆ ಹುಡುಗಿ ನಿನ್ನ ನೆರಳು ತುಳಿಯುವಷ್ಟು ಹಿಂದೆ.

ಮಿಕ್ಕವರೆಲ್ಲ ಮುಗಿಸಿದರು. ಇಡೀ ಮೈದಾನ ನಿನ್ನೊಬ್ಬಳಿಗೆ. ಪಿಟ್ಟಿನಲ್ಲಿ ತೊಳೆದ ಸೈಕಲ್ ಮುಂದೆ ಹಿಡಿದರೆ, "ಟೈಮಿಲ್ಲ ಅತ್ತೆ" ಅಂದೆ. "ಯಾರ ಜೊತೆಗೇ ನಿನ್ನ ಪೈಪೋಟಿ? ಎಲ್ಲಾ ಟೀ ಕುಡೀತಿದಾರೆ. ಚೊಕ್ಕಟವಾಗಿ ಹೋಗು" ಅಂದೆ ನಾನು. ಟೀ ಲೋಟ ಹಿಡಿದೇ ಎಲ್ಲರೂ ದಿಬ್ಬಕ್ಕೆ ಬಂದು ಸಾಲಾಗಿ ನಿಂತು ನಿನ್ನನ್ನು ಬಯ್ದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಿನ್ನ ಮದುವೆಯಲ್ಲೂ ನಾನು ನಿನ್ನನ್ನು ಅಷ್ಟು ಚೆಲುವಾಗಿ ನೋಡಿರಲಿಲ್ಲ.

ಇಷ್ಟಾದ ಮೇಲೆ ನಿನ್ನೆ ಅಡುಗೆಮನೆಯಲ್ಲಿ ನೀನು ಗಂಡನಿಗೆ ಹೇಳಿದ್ದು ಕೇಳಿಸಿತು. "ಆಸೆ ತೀರ್ತು, ಇನ್ನು ಮಾರಿಬಿಡೋಣ. ಪಾಪ ಅತ್ತೆ, ಈ ವಯಸ್ಸಲ್ಲಿ ನನಗೋಸ್ಕರ ಚಳೀಲಿ ನಿಲ್ತಾರೆ. ಬಾಯಿಬಿಟ್ಟು ಹೇಳಲ್ಲ ಅಷ್ಟೇ." ಮುಗಿಸದಿದ್ದರೆ ಮಾರುತ್ತೀನಿ ಅಂದವಳು ಮುಗಿಸಿದ್ದಕ್ಕೂ ಮಾರುತ್ತೀಯಲ್ಲ, ಇದ್ಯಾವ ನ್ಯಾಯ? ಅದೂ ನಾನು ಬಾಯಿಬಿಟ್ಟು ಹೇಳದ ಸಂಗತಿ ಈ ಲೋಕದಲ್ಲಿ ಯಾವುದಿದೆಯೇ?

ಒಂದೇ ಒಂದಿತ್ತು. ಅದನ್ನು ಈಗ ಬರೆಯುತ್ತೇನೆ. ನಾನು ನಿನಗೋಸ್ಕರ ಬರುತ್ತಿರಲಿಲ್ಲ. ನನಗೋಸ್ಕರ ಬರುತ್ತಿದ್ದೆ. ಮುದುಕಿಯನ್ನು ಕೂರಿಸಿ ಅನ್ನ ಹಾಕುವವರು ಬೇಕಾದಷ್ಟು ಜನ ಸಿಗುತ್ತಾರೆ. ಕೈಗೆ ಬಕೆಟ್ ಕೊಟ್ಟು "ಬೇಗ ಬೇಗ ಅತ್ತೆ" ಅಂತ ಗದರುವವರು ಸಿಗುವುದಿಲ್ಲ. ನೀನು ಸಿಕ್ಕೆ. ನಿನ್ನನ್ನು ಹೆತ್ತವಳ ಹೊಟ್ಟೆ ತಣ್ಣಗಿರಲಿ.

ಇನ್ನೊಂದು ಸುದ್ದಿ. ಸಾಯಂಕಾಲ ಬರಬೇಕಿದ್ದ ಸೈಕಲ್ ಕೊಳ್ಳುವವನು ಅವಸರಕ್ಕೆ ಬೆಳಿಗ್ಗೆಯೇ ಬಂದ. ನೋಡಿ ಕಣ್ಣರಳಿಸಿದ. "ಚೆನ್ನಾಗಿದೆ ಅಜ್ಜಿ, ತೊಂದರೆ ಏನೂ ಇಲ್ವಲ್ಲ?" ಅಂದ. ನಾನು ಸುಳ್ಳಾಡಲಿಲ್ಲ. "ಏನೂ ಇಲ್ಲಪ್ಪ. ಕೊನೇ ಸ್ಥಾನ ಬಿಟ್ಟು ಬೇರೆ ಸ್ಥಾನ ಇದಕ್ಕೆ ಗೊತ್ತಿಲ್ಲ ಅಷ್ಟೆ. ಮತ್ತೆ, ಇದರ ಜೊತೆ ನಾನೂ ಬರ್ತೀನಿ. ಭಾನುವಾರ ಭಾನುವಾರ ನಿನ್ನ ಹಿಂದೆ ಬಕೆಟ್ ಹಿಡ್ಕೊಂಡು ನಿಂತು ಬಯ್ತೀನಿ. ಒಪ್ಪಿಗೇನಾ?" ಅಂದೆ. "ಮನೇಲಿ ಒಂದು ಮಾತು ಕೇಳ್ಕೊಂಡು ಬರ್ತೀನಿ" ಅಂತ ಮೆಟ್ಟಿಲಿಳಿದವನು ಇನ್ನೂ ಕೇಳುತ್ತಲೇ ಇದ್ದಾನೆ.

ನಿನಗೇ ಸಾಕಾಗಿದ್ದರೆ ಫೋನು ಮಾಡಿ ಕರೆಸಿಕೋ, ಅಡ್ಡ ಬರುವುದಿಲ್ಲ. ನನ್ನ ಹೆಸರು ಹೇಳಿ ಮಾತ್ರ ಮಾರಬೇಡ.

ನೂರು ಕಾಲ ಕೊನೆಯವಳಾಗಿಯೇ ಬಾ ತಾಯಿ, ಪೂರ್ತಿ ಸುತ್ತಿ ಬಾ. ಯಾವ ಬಾವುಟವೂ ನಿನ್ನನ್ನು ಅರ್ಧದಲ್ಲಿ ಕರೆಯದಿರಲಿ.

ಇತಿ,
ಸಾಯಂಕಾಲ ನಿನ್ನಿಂದ ಬಯ್ಯಿಸಿಕೊಳ್ಳಲು ಬಾಗಿಲಲ್ಲೇ ಕಾದಿರುವ
ನಿನ್ನ ಅತ್ತೆ