ಧೈರ್ಯದ ಹನಿಗೆ ಬಿಳಿಚಿದ ಮೀನು

ಪ್ರೀತಿಯ ಅಜ್ಜಿಗೆ,

ನೀನು ಮಾಡಿಕೊಟ್ಟ ಧೈರ್ಯದ ಹನಿಯಲ್ಲಿ ಏನೇನಿದೆ ಎಂದು ಕೇಳಲೇಬಾರದು ಅಂತ ನೀನು ಹೇಳಿದ್ದೆ. ಆದರೂ ಬರೆಯುತ್ತಿದ್ದೇನೆ, ಸಾರಿ.

ನಮ್ಮ ಲ್ಯಾಬಿನಲ್ಲಿ ಮೀನಿನ ಚರ್ಮದ ಜೀವಂತ ಕೋಶಗಳಿವೆ. ದೇಹದ ಮೇಲೆ ಪರಿಣಾಮ ಬೀರುವ ಕೆಮಿಕಲ್ ತಾಗಿದರೆ ಅವುಗಳ ಬಣ್ಣ ಬದಲಾಗುತ್ತದೆ. ಹೋಲಿಸಿ ನೋಡಲು ಆ ಕೋಶಗಳ ಒಂದು ತಟ್ಟೆಗೆ ಬರೀ ನೀರು ಹಾಕಬೇಕಿತ್ತು. ನಾನು ಗಾಬರಿಯಲ್ಲಿ, ನಿನ್ನ ಹನಿ ಬೆರೆಸಿದ್ದ ನನ್ನ ಬಾಟಲಿಯಿಂದಲೇ ಸುರಿದುಬಿಟ್ಟೆ. ಕಪ್ಪಗಿದ್ದ ಕೋಶಗಳು ನಿಮಿಷದಲ್ಲಿ ಬೆಳ್ಳಗಾದವು. ಮೇಡಂ ಕೇಳಿದಾಗ ಅದು ನಿನ್ನ ಧೈರ್ಯದ ಹನಿ ಎಂದು ಒಪ್ಪಿಕೊಂಡೆ.

"ಇದು ಧೈರ್ಯದ ಹನೀನಾ? ಮೀನೇ ಹೆದರಿ ಬಿಳಿಚ್ಕೊಂಡಿದೆಯಲ್ಲಮ್ಮಾ!" ಎಂದರು ಮೇಡಂ. "ಸೋಮವಾರದೊಳಗೆ ಅದರಲ್ಲಿ ಏನಿದೆ ಅಂತ ಹೇಳು, ಇಲ್ಲಾಂದ್ರೆ ಪ್ರಾಕ್ಟಿಕಲ್ ಫೇಲ್."

ಮೂರು ತಿಂಗಳಿಂದ ದಿನಾ ಕುಡಿಯುತ್ತಿದ್ದೇನೆ, ಅಜ್ಜಿ. ಎದೆ ಡವಗುಟ್ಟುವುದು ಕಾಲೇಜಿನ ಟೆನ್ಷನ್ನಿಗೆ ಅಂದುಕೊಂಡಿದ್ದೆ.

ಏನೇನು ಹಾಕಿದ್ದೀಯೋ ಎಲ್ಲಾ ಬರೆ. ಅಮ್ಮನಿಗೆ ಹೇಳುವುದಿಲ್ಲ. ದಯವಿಟ್ಟು ಬೇಗ ಉತ್ತರ ಕಳಿಸು.

ನಿನ್ನ
ಪುಕ್ಕಲಿ