ಮೂರಡಿ ಸರಿಸಿ ಎಂದಿದ್ದೆ: ಒತ್ತುವರಿ ತೆರವು ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ವಿಭಾಗದ ಗೋದಾಮಿನಲ್ಲಿ ಬೀಗ ರಿಪೇರಿಯವನೊಬ್ಬನ ನೀಲಿ ತಗಡಿನ ಪೆಟ್ಟಿಗೆ ಬಿದ್ದಿದೆ. ಅದು ಅಲ್ಲಿಗೆ ಹೋದ ಇಪ್ಪತ್ಮೂರನೆಯ ದಿನ ನನ್ನ ತಂಗಿ ಬೀಗ ಹಾಕಿದ ಬಾಗಿಲ ಹಿಂದೆ ನಲವತ್ತು ನಿಮಿಷ ಮೂರ್ಛೆಯಲ್ಲಿ ಒದ್ದಾಡಿದಳು. ಹೊರಗೆ ಔಷಧಿ ಹಿಡಿದುಕೊಂಡು ನಾನು ನಿಂತಿದ್ದೆ. ನನ್ನ ಪಕ್ಕದಲ್ಲಿ ಆ ಬೀಗದವನು ಬರಿಗೈಯಲ್ಲಿ ನಿಂತಿದ್ದ. ಈ ಎರಡು ಸಂಗತಿಗಳಿಗೂ ಏನೇನೂ ಸಂಬಂಧವಿಲ್ಲ ಎಂದು ನೀವು ನನ್ನ ಮುಖ ನೋಡಿಕೊಂಡೇ ಹೇಳಿದಿರಿ. ಇದೆ ಎಂದು ತಿಳಿಸುವುದಕ್ಕೆ ಈ ಪತ್ರ. ನಿಮ್ಮ ಕಚೇರಿಯ ಟಪಾಲು ಪೆಟ್ಟಿಗೆಗೆ ಹಾಕಿದ ಕಾಗದಗಳ ಗತಿ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ನಿಮ್ಮ ಕಚೇರಿಯ ಎದುರು ಸಾಲಿನಲ್ಲಿರುವ ಜೆರಾಕ್ಸ್ ಅಂಗಡಿ ನನ್ನದು. ಇಪ್ಪತ್ತಾರು ವರ್ಷವಾಯಿತು. ನೀವು ಜನರನ್ನು ನಾಲ್ಕು ಪ್ರತಿ ತನ್ನಿ ಎಂದು ಅಟ್ಟುತ್ತೀರಿ, ಅವರು ಬೆವರು ಒರೆಸಿಕೊಳ್ಳುತ್ತ ನನ್ನ ಮೆಟ್ಟಿಲು ಹತ್ತುತ್ತಾರೆ. ನೀವು ಜನರನ್ನು ಸತಾಯಿಸಿದ್ದರಿಂದಲೇ ನನ್ನ ಮನೆಯ ಒಲೆ ಉರಿದಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಒಪ್ಪಿಕೊಳ್ಳಬೇಕಾದ್ದು ಇನ್ನೂ ಇದೆ.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಹನ್ನೊಂದನೇ ವಯಸ್ಸಿನಿಂದ ಮೂರ್ಛೆರೋಗ. ಮಾತ್ರೆ ತಪ್ಪಿಸದಿದ್ದರೆ ವರ್ಷಕ್ಕೊಮ್ಮೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮದುವೆಯಾಗಲಿಲ್ಲ, ಆಗಬೇಕೆಂದು ಅವಳೂ ಹಟ ಹಿಡಿಯಲಿಲ್ಲ. ಅಂಗಡಿಯಲ್ಲಿ ಬೈಂಡಿಂಗ್ ಕೆಲಸ ಪೂರ್ತಿ ಅವಳದು. ಕಾಗದದ ಕಟ್ಟನ್ನು ಹೆಬ್ಬೆರಳಲ್ಲಿ ಫರ್ರನೆ ಬಿಟ್ಟು ಇನ್ನೂರ ಹದಿನಾಲ್ಕು ಹಾಳೆ ಅಂದಳೆಂದರೆ ಇನ್ನೂರ ಹದಿನಾಲ್ಕೇ. ನಿಮ್ಮ ಗುಮಾಸ್ತರು ಊಟದ ಬಿಡುವಿನಲ್ಲಿ ಬಂದು ಬಾಜಿ ಕಟ್ಟಿ ಸೋತು ಹೋಗುತ್ತಿದ್ದರು. ಅವರನ್ನು ಕೇಳಿ, ಹೇಳುತ್ತಾರೆ.

ಇನ್ನು ಬೀಗದವನು. ನನ್ನ ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ಇಬ್ಬರು ಕೂರುವಷ್ಟು ಅಗಲದ ಒಂದು ಮರದ ಮೇಜು, ಮೇಲೊಂದು ತಗಡಿನ ಚಪ್ಪರ, ಮೇಜಿನ ಕೆಳಗೆ ಆ ನೀಲಿ ಪೆಟ್ಟಿಗೆ. ನೀವೂ ದಿನಾ ಕಾರಿನಿಂದ ಇಳಿಯುವಾಗ ನೋಡಿರುತ್ತೀರಿ. ಅವನ ಸಲಕರಣೆಗಳನ್ನು ಯಾವ ಅಂಗಡಿಯಲ್ಲೂ ಕೊಂಡದ್ದಲ್ಲ. ಛತ್ರಿಯ ಕಡ್ಡಿ, ಸೈಕಲ್ಲಿನ ಕಡ್ಡಿ, ಮುರಿದ ಗರಗಸದ ಅಲಗು, ಇವನ್ನೆಲ್ಲ ಅವನೇ ಕಾಯಿಸಿ, ಬಡಿದು, ಅರದಿಂದ ಉಜ್ಜಿ ಮಾಡಿಕೊಂಡದ್ದು. ಸುಮಾರು ಎಪ್ಪತ್ತು ಕಡ್ಡಿಗಳಿದ್ದವು. ಯಾವ ಬೀಗಕ್ಕೆ ಯಾವುದು ಎಂದು ಅವನ ಬೆರಳಿಗೆ ಗೊತ್ತು. ನಮ್ಮ ಬೀದಿಯ ಅರ್ಧ ಮನೆಗಳ ಬೀಗ ಅವನು ತೆಗೆದಿದ್ದಾನೆ, ಯಾರ ಮನೆಯಲ್ಲೂ ಒಂದು ಚಮಚ ಕಳೆದಿಲ್ಲ. ನಿಮ್ಮ ಕಚೇರಿಯ ಬಗ್ಗೆ ಹೀಗೆ ಹೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ.

ನಮ್ಮ ಮನೆಯ ಹೊರಬಾಗಿಲು ಕಬ್ಬಿಣದ್ದು. ತಂಗಿಗೆ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಬೀಗದಲ್ಲೇ ಬಿಡುವ ಅಭ್ಯಾಸ. ಹಾಗೆ ಬಿಟ್ಟರೆ ಹೊರಗಿನಿಂದ ನನ್ನ ಕೀಲಿ ಒಳಗೆ ಹೋಗುವುದಿಲ್ಲ. ಹಿಂದೆ ಎರಡು ಸಲ ಹೀಗಾಗಿ ಅವಳು ಒಳಗೆ ಮಲಗಿ ನಿದ್ದೆ ಹೋಗಿದ್ದಾಗ ಬೀಗದವನನ್ನು ಕರೆದಿದ್ದೆ. ನಾನು ಏನಾಯಿತೆಂದು ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆದಿತ್ತು.

ಇಷ್ಟು ಉಪಕಾರ ಪಡೆದವಳು ನಾನು. ಅವನ ಮೇಲೆ ದೂರು ಕೊಟ್ಟವಳೂ ನಾನೇ.

ನೀವು ನಾಗರಿಕ ಸೇವಾ ಸಪ್ತಾಹ ಮಾಡಿದಿರಲ್ಲ, ಬೀದಿಬೀದಿಯಲ್ಲಿ ನಿಮ್ಮ ನಗುಮುಖದ ಫಲಕ ಹಾಕಿಸಿ, ಮೊಬೈಲಿನಲ್ಲೇ ದೂರು ಕೊಡಿ ಎಂದು? ಅದೇ ವಾರ ಯಾರೋ ಗಿರಾಕಿ ನನ್ನ ಅಂಗಡಿಗೆ ಮೊಬೈಲಿನಲ್ಲಿ ಎರಡೇ ನಕ್ಷತ್ರ ಕೊಟ್ಟು, ಮೆಟ್ಟಿಲ ಬಳಿ ಬೀಗದ ಮೇಜು ಅಡ್ಡ, ಕಬ್ಬಿಣದ ಪುಡಿ ಬಟ್ಟೆಗೆ ಹಾರುತ್ತದೆ ಎಂದು ಬರೆದಿದ್ದ. ನನಗೆ ಉರಿದುಹೋಯಿತು. ಮೇಜನ್ನು ಸ್ವಲ್ಪ ಸರಿಸು ಎಂದು ಅವನಿಗೇ ಹೇಳಬಹುದಿತ್ತು. ನಾಲ್ಕು ಹೆಜ್ಜೆ ನಡೆದರೆ ಮುಗಿಯುತ್ತಿತ್ತು. ಎದುರಿಗೆ ನಿಂತು ಹೇಳುವುದಕ್ಕೆ ದಾಕ್ಷಿಣ್ಯವಾಗಿ, ಒಳಗೆ ಕೂತು ಮೊಬೈಲಿನಲ್ಲಿ ಒತ್ತಿದೆ. ಬರೆದದ್ದು ಒಂದೇ ಸಾಲು: ಮೆಟ್ಟಿಲ ಬಳಿಯ ಮೇಜನ್ನು ದಯವಿಟ್ಟು ಮೂರಡಿ ಆಚೆ ಸರಿಸಿ.

ಮೂರಡಿ ಎಂದರೆ ಎಷ್ಟು ಎಂದು ನಿಮ್ಮ ಇಲಾಖೆಯಲ್ಲಿ ಒಬ್ಬರಿಗೂ ಗೊತ್ತಿಲ್ಲವೇ? ಒಂಬತ್ತನೇ ದಿನ ಲಾರಿ ಬಂತು. ಮೇಜು ಎತ್ತಿದರು, ಚಪ್ಪರ ಕಿತ್ತರು. ಪೆಟ್ಟಿಗೆಯನ್ನಾದರೂ ಬಿಡಿ ಸ್ವಾಮಿ ಎಂದು ಅವನು ಹಿಡಿದುಕೊಂಡರೆ ನಿಮ್ಮ ಇನ್‌ಸ್ಪೆಕ್ಟರು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನಾನು ಗಾಜಿನ ಹಿಂದೆ ನಿಂತು ನೋಡಿದೆ. ಹೊರಗೆ ಬರಲಿಲ್ಲ. ಲಾರಿ ಹೋದ ಅರ್ಧ ಗಂಟೆಗೆ ನನ್ನ ಮೊಬೈಲಿಗೆ ನಿಮ್ಮ ಸಂದೇಶ ಬಂತು, ದೂರು ಯಶಸ್ವಿಯಾಗಿ ಪರಿಹಾರವಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ನಾನು ಐದು ಕೊಟ್ಟೆ. ಹೆದರಿ ಕೊಟ್ಟೆನೋ, ಸಂದೇಶ ಬೇಗ ಕಣ್ಮರೆಯಾಗಲಿ ಎಂದು ಕೊಟ್ಟೆನೋ, ಈಗ ಯೋಚಿಸಿ ಪ್ರಯೋಜನವಿಲ್ಲ. ಈ ವರ್ಷ ನಿಮ್ಮ ವಿಭಾಗಕ್ಕೆ ಸಿಕ್ಕ ಉತ್ತಮ ಸೇವಾ ಫಲಕದಲ್ಲಿ ಆ ಐದೂ ಸೇರಿವೆ.

ಆಮೇಲೆ ಅವನು ಪೆಟ್ಟಿಗೆ ಬಿಡಿಸಿಕೊಳ್ಳಲು ನಿಮ್ಮ ಕಚೇರಿಗೆ ಅಲೆದ. ದಿನಕ್ಕೊಂದು ಕಾಗದ ಕೇಳಿದಿರಿ. ಗುರುತಿನ ಚೀಟಿ, ವಾಸದ ದಾಖಲೆ, ಇಲ್ಲದ ಪರವಾನಗಿಯ ನಕಲು, ಅದು ಏಕಿಲ್ಲ ಎಂಬುದಕ್ಕೆ ವಿವರಣೆ. ಎಲ್ಲದಕ್ಕೂ ನಾಲ್ಕು ಪ್ರತಿ. ಅವನು ನನ್ನ ಅಂಗಡಿಗೇ ಬರುತ್ತಿದ್ದ. ನಾನು ತಲೆ ಎತ್ತದೆ ತೆಗೆದುಕೊಡುತ್ತಿದ್ದೆ. ವಶಪಡಿಸಿಕೊಂಡ ಆದೇಶದಲ್ಲಿ ಸಾರ್ವಜನಿಕರ ದೂರಿನ ಮೇರೆಗೆ ಎಂದಷ್ಟೇ ಇದ್ದದ್ದನ್ನು ಕಂಡು ನನಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಅಂದು ರಾತ್ರಿ ಎರಡು ತುತ್ತು ಹೆಚ್ಚೇ ಉಂಡೆ. ತಂಗಿ ಮಾತ್ರ ಅವನ ಕಾಗದಗಳನ್ನು ಅಂಚು ಕೂಡಿಸಿ, ಪಿನ್ನು ಹೊಡೆದು, ನಾಳೆ ಸಿಗುತ್ತೆ ಬಿಡಣ್ಣ ಎನ್ನುತ್ತಿದ್ದಳು. ಇಪ್ಪತ್ತೊಂದನೇ ದಿನ ನಿಮ್ಮ ಗುಮಾಸ್ತರು, ಪೆಟ್ಟಿಗೆಯಲ್ಲಿರುವ ಸಾಮಾನು ನಿನ್ನದೇ ಅನ್ನುವುದಕ್ಕೆ ಕೊಂಡ ರಸೀದಿ ತಾ ಎಂದರಂತೆ. ಅವನು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ.

"ಛತ್ರಿ ಕಡ್ಡಿಗೆ ರಸೀದಿ ಎಲ್ಲಿಂದ ತರ್ಲಿ ಅಕ್ಕ?" ಅಂದ.

ಈ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದ್ದರೆ ನಾಲ್ಕು ಪ್ರತಿಯಲ್ಲಿ ಕೊಡಿ.

ಅದಾಗಿ ಎರಡು ದಿನಕ್ಕೆ ಮಧ್ಯಾಹ್ನ ತಂಗಿ ಮೊದಲು ಮನೆಗೆ ಹೋದಳು, ನಾನು ಹಿಂದೆಯೇ ಊಟಕ್ಕೆ ಹೋದೆ. ಬಾಗಿಲು ಬಡಿದರೆ ಸದ್ದಿಲ್ಲ. ಕೀಲಿ ಒಳಗೆ ಹೋಗುತ್ತಿಲ್ಲ. ಅಡುಗೆಮನೆಯ ಕಿಟಕಿಗೆ ಹೋಗಿ ನೋಡಿದರೆ ನೆಲದ ಮೇಲೆ ಬಿದ್ದಿದ್ದಾಳೆ, ಕೈಕಾಲು ಸೆಟೆದು ನಡುಗುತ್ತಿವೆ. ಐದು ನಿಮಿಷ ದಾಟಿದರೆ ಮೂಗಿಗೆ ಹಾಕಿ ಎಂದು ವೈದ್ಯರು ಕೊಟ್ಟಿದ್ದ ಔಷಧಿ ಯಾವಾಗಲೂ ನನ್ನ ಚೀಲದಲ್ಲೇ ಇರುತ್ತದೆ. ಅದನ್ನು ಹಿಡಿದು ಕಿಟಕಿಯ ಸರಳಿನೊಳಗೆ ಭುಜದವರೆಗೂ ಕೈ ತೂರಿಸಿದೆ. ಅವಳ ಮುಖಕ್ಕೂ ನನ್ನ ಬೆರಳಿಗೂ ಒಂದು ಮೊಳ ಉಳಿಯಿತು. ಆ ಒಂದು ಮೊಳವನ್ನು ನಾನು ನಲವತ್ತು ನಿಮಿಷ ನೋಡಿದ್ದೇನೆ.

ಪಕ್ಕದ ಮನೆಯವರು ಹಾರೆ ತಂದು ಮೀಟಿದರು, ಚೌಕಟ್ಟು ಸೊಟ್ಟಗಾಯಿತೇ ಹೊರತು ಬಾಗಿಲು ಅಲುಗಲಿಲ್ಲ. ಆಂಬುಲೆನ್ಸ್ ಬೇಗನೇ ಬಂತು, ಬಂದು ಅವರೂ ಸ್ಟ್ರೆಚರ್ ಹಿಡಿದು ನಮ್ಮ ಜೊತೆ ಹೊರಗೆ ನಿಂತರು. ಅಗ್ನಿಶಾಮಕದವರು ದಾರಿಯಲ್ಲಿದ್ದೇವೆ ಎನ್ನುತ್ತಲೇ ಇದ್ದರು. ಬೀಗದವನಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಓಡಿ ಬಂದ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಬೀಗದ ಮುಂದೆ ಮಂಡಿಯೂರಿ, ಅಭ್ಯಾಸಬಲದಿಂದ ಪಕ್ಕಕ್ಕೆ ಕೈ ಚಾಚಿದ. ಅಲ್ಲಿ ಪೆಟ್ಟಿಗೆ ಇರಲಿಲ್ಲ. ಆಗ ಅವನ ಮುಖವನ್ನು ನೀವು ನೋಡಬೇಕಿತ್ತು ಮಾನ್ಯರೇ. ನಿಮ್ಮ ಸಪ್ತಾಹದ ಫಲಕದ ಮೇಲೆ ನಿಮ್ಮ ಬದಲು ಆ ಮುಖ ಹಾಕಿಸಬೇಕಿತ್ತು.

ಯಾರದೋ ಛತ್ರಿ ಇಸಿದುಕೊಂಡು ಮುರಿದು, ಕಡ್ಡಿಯನ್ನು ಮೆಟ್ಟಿಲ ಕಲ್ಲಿಗೆ ಉಜ್ಜತೊಡಗಿದ. ಮೊದಲನೆಯದು ಒಳಗೆ ಹೋಗಿ ಬಾಗಿತು. ಎರಡನೆಯದು ಮುರಿಯಿತು, ಆ ತುಂಡನ್ನು ಉಗುರಿನಲ್ಲೇ ಹೊರತೆಗೆದ. ಬೆರಳಿನ ರಕ್ತ ಬೀಗದ ಮೇಲೆಲ್ಲ ಆಯಿತು. ಮೂರನೆಯ ಕಡ್ಡಿಗೆ ಕೀಲಿ ಒಳಗೆ ಬಿದ್ದ ಸದ್ದು ಕೇಳಿದಾಗ ಬೀದಿಯ ತಿರುವಿನಲ್ಲಿ ಅಗ್ನಿಶಾಮಕದ ಗಂಟೆಯೂ ಕೇಳಿತು. ನನ್ನ ಕೀಲಿ ಹಾಕಿ ಬಾಗಿಲು ತೆಗೆದೆ.

ಆಸ್ಪತ್ರೆಯಲ್ಲಿ ವೈದ್ಯೆ ನನ್ನನ್ನು ಕೂರಿಸಿ, ಅರ್ಧ ಗಂಟೆ ಮೊದಲು ಸಿಕ್ಕಿದ್ದರೆ ಬೇರೆ ಮಾತಿತ್ತು ಎಂದರು. ತಂಗಿ ಬದುಕಿದ್ದಾಳೆ. ಮಾತಿಲ್ಲ, ಬಲಗೈಗೆ ಸ್ವಾಧೀನವಿಲ್ಲ. ಅನ್ನ ಕಲಸಿ ಬಾಯಿಗಿಟ್ಟರೆ ನುಂಗುತ್ತಾಳೆ. ನನ್ನ ಗುರುತು ಅವಳಿಗೆ ಇದೆಯೋ ಇಲ್ಲವೋ ತಿಳಿಯದು. ನಾನು ಎದುರಿಗೆ ಬಂದರೆ ಮುಖ ಗೋಡೆಯ ಕಡೆ ತಿರುಗಿಸುತ್ತಾಳೆ. ಅದು ಕಾಯಿಲೆಯ ಲಕ್ಷಣವಿರಬಹುದು ಎಂದು ವೈದ್ಯೆ ಹೇಳಿದ್ದಾರೆ.

ಒಂದು ತಿಂಗಳ ಮೇಲೆ ನಿಮ್ಮ ಬಳಿ ಬಂದೆ. ಮೊದಲು ಗೋದಾಮಿಗೆ ಹೋಗಿದ್ದೆ. ನಿಮ್ಮ ಕಾವಲುಗಾರ ಆ ಪೆಟ್ಟಿಗೆಯ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದ. ಒಳ್ಳೆಯ ಎತ್ತರ, ಬೆನ್ನು ನೋಯಲ್ಲ ಎಂದ. ಇದನ್ನೂ ತಂಗಿಗೆ ಆದದ್ದನ್ನೂ ಹೇಳಿದಾಗ ನೀವು ನನಗೆ ಕುರ್ಚಿ ತೋರಿಸಿ, ತುಂಬಾ ವಿಷಾದ ಎಂದಿರಿ. ಬಾಗಿಲು ಒಡೆಯುವುದು ಅಗ್ನಿಶಾಮಕದ ಕೆಲಸ, ನಮ್ಮ ವಿಭಾಗಕ್ಕೆ ಸಂಬಂಧವಿಲ್ಲ ಎಂದಿರಿ. ಬೇಕಿದ್ದರೆ ಮೊಬೈಲಿನಲ್ಲಿ ಹೊಸ ದೂರು ದಾಖಲಿಸಿ ಎಂದಿರಿ. ನಾನು ಎದ್ದು ಹೋಗದಿದ್ದಾಗ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಿರಿ.

"ದೂರು ಕೊಟ್ಟಿದ್ದು ನೀವೇ ಅಲ್ವಾ ಮೇಡಂ?"

ನಿಮ್ಮ ಕಚೇರಿಯಿಂದ ಇಷ್ಟು ವರ್ಷದಲ್ಲಿ ನಾನು ಕೇಳಿದ ಒಂದೇ ಒಂದು ಸತ್ಯವಾದ ಮಾತು ಅದು. ಅದನ್ನು ಹೇಳುವಾಗ ನಿಮಗೆ ಆದ ಸಂತೋಷವನ್ನು ಅಡಗಿಸಿಕೊಳ್ಳಲು ನಿಮಗೆ ಸಾಧ್ಯವಾಗಲಿಲ್ಲ. ನಾನು ಎದ್ದು ಮೆಟ್ಟಿಲಿಳಿದು ಬಂದೆ.

ಈಗ ನಿಮ್ಮ ಬೀದಿ ಬಹಳ ಚೊಕ್ಕಟವಾಗಿದೆ. ಮೇಜಿದ್ದ ಜಾಗದಲ್ಲಿ ಸಿಮೆಂಟಿನ ಹೂಕುಂಡ ಇಟ್ಟಿದ್ದೀರಿ, ನೀರು ಹಾಕುವವರಿಲ್ಲದೆ ಗಿಡ ಒಣಗಿದೆ, ಜನ ಅದರಲ್ಲಿ ನನ್ನ ಅಂಗಡಿಯ ಹಾಳಾದ ಪ್ರತಿಗಳನ್ನು ಮುದುರಿ ಎಸೆಯುತ್ತಾರೆ. ಮೆಟ್ಟಿಲಿಗೆ ಅದು ಮೇಜಿಗಿಂತ ಹೆಚ್ಚು ಅಡ್ಡ. ದೊಡ್ಡ ಮಳಿಗೆಯಲ್ಲಿ ಕೀಲಿ ಕತ್ತರಿಸುವ ಯಂತ್ರ ಬಂದಿದೆ. ಮನೆ ಬಾಗಿಲು ತೆಗೆಯಲು ಬರುತ್ತೀರಾ ಎಂದು ವಿಚಾರಿಸಿದೆ. ಆ ಸೇವೆ ನಮ್ಮಲ್ಲಿಲ್ಲ ಎಂದು ತುಂಬಾ ವಿನಯದಿಂದ ಹೇಳಿದರು. ಇಡೀ ನಗರವೇ ಈಗ ವಿನಯದಿಂದ ಮಾತಾಡುವುದನ್ನು ಕಲಿತಿದೆ, ನಿಮ್ಮ ತರಬೇತಿಯ ಫಲ.

ಬೀಗದವನು ಮಾತ್ರ ತಂಗಿ ಆಸ್ಪತ್ರೆಯಿಂದ ಬಂದ ದಿನದಿಂದ ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಸಂಜೆ ಐದೂವರೆಗೆ ಬಂದು ಅವಳ ಮಂಚದ ಪಕ್ಕ ಕುರ್ಚಿಯಲ್ಲಿ ಕೂತು, ಏಳಕ್ಕೆ ಎದ್ದು ಹೋಗುತ್ತಿದ್ದ. ಈಗ ಗೋಡೆಗೆ ಬಣ್ಣ ಹಚ್ಚುವವರ ಜೊತೆ ಏಣಿ ಹೊರುತ್ತಾನೆ, ಅಂಗೈಯೆಲ್ಲ ಸುಣ್ಣ. ತಂಗಿ ಅವನ ಕಡೆಯಿಂದ ಮುಖ ತಿರುಗಿಸುತ್ತಿರಲಿಲ್ಲ. ಅವನು ತಾನೇ ತಪ್ಪು ಮಾಡಿದವನಂತೆ ಕೊರಗುತ್ತಿದ್ದಾನೆ ಎಂದು ನಾನು ಅಂದುಕೊಂಡಿದ್ದೆ. ಅದನ್ನು ನೋಡಲಾರದೆ ಈ ಪತ್ರ ಬರೆದೆ, ಪತ್ರಿಕೆಗೆ ಕೊಡುವ ಮೊದಲು ಅವನಿಗೆ ತಿಳಿಯಬೇಕೆಂದು ಕಳೆದ ಗುರುವಾರ ಸಂಜೆ ಅವನ ಎದುರು ಇಲ್ಲಿಯವರೆಗಿನದನ್ನು ಓದಿದೆ. ದೂರು ಕೊಟ್ಟವಳೂ ನಾನೇ ಎಂಬಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ಕಾಗದ ಕೆಳಗಿಟ್ಟೆ. ಅವನು ಓದಿ ಎಂದು ಕೈ ತೋರಿಸಿದ. ಮುಗಿಸಿದೆ.

"ಪೆಟ್ಟಿಗೆ ಹೋದ ಎರಡನೇ ದಿನಾನೇ ಆಫೀಸಲ್ಲಿ ನಿಮ್ಮ ದೂರು ಓದಿ ಹೇಳಿದ್ರು ಅಕ್ಕ," ಅಂದ. "ಅಂಗಡಿ ಹೆಸರಿತ್ತು."

ಮತ್ತೆ ಯಾಕೆ ದಿನಾ ನನ್ನ ಅಂಗಡಿಗೇ ಕಾಗದ ತರುತ್ತಿದ್ದೆ, ಯಾಕೆ ಇಷ್ಟು ದಿನ ಇಲ್ಲಿ ಬಂದು ಕೂತೆ ಎಂದು ಕೇಳಿದೆ.

"ನೀವು ಯಾವಾಗ ಹೇಳ್ತೀರಿ ಅಂತ ನೋಡ್ತಿದ್ದೆ."

ಎದ್ದು, ತಂಗಿಯ ಹೊದಿಕೆ ಸರಿಮಾಡಿ ಹೋದ. ಬೈಯಲಿಲ್ಲ, ಬಾಗಿಲನ್ನು ಜೋರಾಗಿ ಹಾಕಲೂ ಇಲ್ಲ. ಆಮೇಲೆ ಬಂದಿಲ್ಲ. ಫೋನ್ ಎತ್ತುವುದಿಲ್ಲ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಅವನ ಪೆಟ್ಟಿಗೆಯನ್ನು ನೀವೇ ಹೊತ್ತು ಅವನ ಮನೆಗೆ ಕೊಂಡೊಯ್ದು ಕೊಡಬೇಕು, ರುಜು ಕೇಳಬಾರದು. ಅವನು ಮುಖದ ಮೇಲೆ ಬಾಗಿಲು ಹಾಕಿದರೆ ಹೊಸ್ತಿಲಲ್ಲಿಟ್ಟು ಬರಬೇಕು. ಆದೇಶದಲ್ಲಿ ಸಾರ್ವಜನಿಕರು ಎಂದಿರುವ ಕಡೆ ನನ್ನ ಹೆಸರನ್ನೂ, ಸಹಿಯ ಗೀಟು ಇರುವ ಕಡೆ ಓದಲು ಬರುವಂತೆ ನಿಮ್ಮ ಹೆಸರನ್ನೂ ಬರೆಸಿ ನಿಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಅಂಟಿಸಬೇಕು. ಪ್ರತಿಗಳನ್ನು ನಾನು ತೆಗೆದುಕೊಡುತ್ತೇನೆ.

ಇನ್ನೊಂದಿದೆ, ಇದು ಬೇಡಿಕೆಯಲ್ಲ, ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ. ಸಂಜೆ ಐದೂವರೆಯಾಗುತ್ತಲೇ ತಂಗಿ ಬಾಗಿಲ ಕಡೆ ನೋಡತೊಡಗುತ್ತಾಳೆ. ಏಳರವರೆಗೂ ನೋಡುತ್ತಾಳೆ. ಆ ಕುರ್ಚಿಯಲ್ಲಿ ಯಾರಾದರೂ ಬಂದು ಕೂರಲೇಬೇಕು. ಬೀಗದವನು ಬರುವುದಿಲ್ಲ. ನಾನು ಕೂತರೆ ಗೋಡೆಗೆ ತಿರುಗುತ್ತಾಳೆ. ಉಳಿದವರು ನೀವೊಬ್ಬರೇ.

ಇಂತಿ,
ದೂರುದಾರಳು
(ಹೆಸರು, ಅಂಗಡಿಯ ವಿಳಾಸ ನಿಮ್ಮ ಕಂಪ್ಯೂಟರಿನಲ್ಲಿದೆ)