ಟ್ಯಾಬ್ಲೆಟ್‌ಗೆ ಏನೂ ಆಗಿಲ್ಲ

ಕಾರ್ಬನಿಯರ್, ನ್ಯೂಫೌಂಡ್‌ಲ್ಯಾಂಡ್
ಮಂಗಳವಾರ

ಆಂಬ್ರೋಸ್,

ನಿನ್ನಮ್ಮನಿಗೆಂದು ಆಲ್ಬರ್ಟಾದ ತೈಲಗಣಿಯಿಂದ ನೀನು ಕಳಿಸಿದ ದುಬಾರಿ ಟ್ಯಾಬ್ಲೆಟ್ಟೇ ಸರಿಯಿಲ್ಲ ಎಂದು ಪಾದ್ರಿಗಳ ಹತ್ತಿರ ದೂರಿದೆಯಂತೆ. ಅದಕ್ಕೇ ರಿಪೇರಿ ಅಂಗಡಿಗೆ ಕೊಟ್ಟಿದ್ದೆ.

"ಎರಡು ದಿನ ಇಟ್ಕೊಂಡು ನೋಡಿದೆ, ಒಂದ್ಸಲಾನೂ ಹ್ಯಾಂಗ್ ಆಗ್ಲಿಲ್ಲ. ಕೊಟ್ಟ ದುಡ್ಡಿಗೆ ಮೋಸ ಇಲ್ಲಮ್ಮಾ" ಎಂದ ಅಂಗಡಿಯವನು.

ನನಗೆ ಮೊದಲೇ ಗೊತ್ತಿತ್ತು. ವಿಡಿಯೋ ಕಾಲ್‌ನಲ್ಲಿ "ಯಾವಾಗ ಬರ್ತೀಯೋ ಮಗಾ?" ಎಂದು ಅತ್ತೆ ಕೇಳಿದಾಗಲೆಲ್ಲ ನೀನು ಬಾಯಿ ಅರ್ಧ ತೆರೆದು ಕಲ್ಲಾಗಿಬಿಡುತ್ತಿದ್ದೆ. ನಿನ್ನ ಬೆನ್ನ ಹಿಂದೆ ಕ್ಯಾಂಪಿನ ಜೊತೆಗಾರ ಕ್ಲೈವ್ ಮಾತ್ರ ಆರಾಮಾಗಿ ಕಾಲುಚೀಲ ಹಾಕಿಕೊಳ್ಳುತ್ತಿದ್ದ. ಅತ್ತೆಯ ಕಣ್ಣಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ.

"ಆ ಹಾಳಾದ್ದನ್ನ ಸ್ವಲ್ಪ ತಟ್ಟೇ ಡಲ್ಸಿ, ನನ್ನ ಮಗ ಏನೋ ಹೇಳೋಕೆ ಹೊರಟಿದ್ದ" ಎನ್ನುತ್ತಿದ್ದರು. ನಾನು ತಟ್ಟುತ್ತಿದ್ದೆ. ಅವರು ತೀರಿಕೊಂಡ ದಿನ ಬೆಳಿಗ್ಗೆಯೂ ತಟ್ಟಿದೆ.

ಮಣ್ಣಿಗೂ ನೀನು ಬರಲಿಲ್ಲ. ಇದೇ ಇಪ್ಪತ್ತಕ್ಕೆ ಚರ್ಚಿನಲ್ಲಿ ಅವರ ತಿಂಗಳ ಬಲಿಪೂಜೆ ಇದೆ. ರಜೆ ಕೇಳುವ ಕಷ್ಟ ತೆಗೆದುಕೊಳ್ಳಬೇಡ. ಟ್ಯಾಬ್ಲೆಟ್ಟನ್ನು ಮೊದಲ ಬೆಂಚಿನಲ್ಲಿ, ಮಗ ಕೂರುವ ಜಾಗದಲ್ಲಿ ಇಡುತ್ತೇನೆ. ಒಂದು ಗಂಟೆ ಅಲುಗಾಡದೆ ಕೂತಿದ್ದರೆ ಸಾಕು, ನಿನಗೆ ಅಭ್ಯಾಸವಿದೆ.

ಕ್ಲೈವನಿಗೆ ಮಾತ್ರ ಹಿಂದೆ ಓಡಾಡಬೇಡ ಅಂತ ಹೇಳಿಡು.

ನಿನ್ನ ಹೆಂಡತಿ,
ಡಲ್ಸಿ